ಕಡಲ ಕಡೆಯ ಬಾಲ್ಕನಿ: ಉಪ್ಪಿಗೂ ಓರೆಮಳೆಗೂ ತಡೆಯಬೇಕಾದರೆ

ಕಾಸರಗೋಡು ಕರಾವಳಿಯಲ್ಲಿ ಉಪ್ಪಳದಿಂದ ಬೇಕಲದವರೆಗೆ ಕಡಲಿಗೋ ಚಂದ್ರಗಿರಿ ಹೊಳೆಗೋ ಮುಖಮಾಡಿದ ಫ್ಲ್ಯಾಟುಗಳ ಬಾಲ್ಕನಿ ಹೊಸದರಲ್ಲಿ ಚಂದ. ಒಂದೆರಡು ಮಳೆಗಾಲ ಕಳೆದರೆ ರೇಲಿಂಗಿನಲ್ಲಿ ಕಂದು ಕಲೆ, ಸ್ಲ್ಯಾಬಿನ ಅಂಚಿಗೆ ಕಪ್ಪು ಗೆರೆ. ಬಣ್ಣ ಆರಿಸುವುದು ಆಮೇಲಿನ ಮಾತು, ಮೊದಲು ನೀರಿಗೆ ದಾರಿ ಮಾಡಿ.

ಬಾಲ್ಕನಿಯ ನೆಲ ಒಳಕೋಣೆಗಿಂತ ಎರಡು ಇಂಚಾದರೂ ತಗ್ಗಿರಲಿ. ಪಡುಗಾಳಿ ಮಳೆಯನ್ನು ಅಡ್ಡಕ್ಕೇ ಹೊಡೆಯುವಾಗ ನೀರನ್ನು ತಡೆಯುವುದು ಈ ಹೊಸಿಲೇ. ಇಳಿಜಾರು ಮೀಟರಿಗೆ 10ರಿಂದ 15 ಮಿ.ಮೀ., ನೀರು ಹೋಗುವ ಪೈಪಿನ ಕಡೆಗೆ. ಟೈಲ್ಸಿನಡಿ ವಾಟರ್‌ಪ್ರೂಫಿಂಗ್ ಎರಡು ಕೋಟ್, ಎರಡನೆಯದು ಮೊದಲಿನದಕ್ಕೆ ಅಡ್ಡವಾಗಿ. ಗೋಡೆಗೂ ಅರ್ಧ ಅಡಿ ಏರಿಸಿ. ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಇಂಚು ನೀರು ಕಟ್ಟಿ 48 ಗಂಟೆ ಬಿಡಿ. ಕೆಳಮನೆಯ ಸೀಲಿಂಗ್ ನೋಡದೆ ಟೈಲ್ಸ್ ಹಾಕಗೊಡಬೇಡಿ. ಸೋರಿದರೆ ಮೊದಲ ಸಂಶಯ ಪೈಪಿನ ಸುತ್ತಲಿನ ಸಂದಿಯ ಮೇಲಿರಲಿ.

ಸ್ಲ್ಯಾಬಿನ ಅಂಚಿನ ಅಡಿಭಾಗದಲ್ಲಿ ಉದ್ದಕ್ಕೂ ಅರ್ಧ ಇಂಚಿನ ಗಾಡಿ (ಸಣ್ಣ ತೋಡು) ಬೇಕು. ಅದಿಲ್ಲದಿದ್ದರೆ ನೀರು ಕೆಳಗೆ ತೊಟ್ಟಿಕ್ಕದೆ ಅಡಿಯಲ್ಲೇ ಒಳಸರಿಯುತ್ತದೆ. ಉಪ್ಪು ಸೇರಿದ ಆ ನೀರು ಸ್ಲ್ಯಾಬಿನೊಳಗಿನ ಕಂಬಿಗೆ ತಲುಪಿದರೆ ಕಂಬಿ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟಿನ ಹೊಪ್ಪಳೆ ಉದುರುತ್ತದೆ. ಮೇಲಿಂದ ಬಣ್ಣ ಬಳಿದರೆ ಅದು ಮುಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

ರೇಲಿಂಗಿಗೆ ಅಂಗಡಿಯವರು ಸಾಮಾನ್ಯವಾಗಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ತೋರಿಸುತ್ತಾರೆ. ಕಡಲ ಎದುರಿಗೆ 316 ಕೇಳಿ. ಅದರಲ್ಲಿರುವ ಮಾಲಿಬ್ಡಿನಂ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಸ್ಕ್ರೂ, ಬೋಲ್ಟೂ ಅದೇ ದರ್ಜೆಯದಿರಲಿ. ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ಹಾಕುವುದಾದರೆ ನಡುವೆ ನೈಲಾನ್ ವಾಷರ್ ಇಡಿ, ಇಲ್ಲವಾದರೆ ತೂತಿನ ಸುತ್ತ ಅಲ್ಯೂಮಿನಿಯಂ ಬಿಳಿಪುಡಿಯಾಗುತ್ತದೆ. ರೇಲಿಂಗಿನ ಎತ್ತರ 1.2 ಮೀಟರ್ ಇರಲಿ, ಕಂಬಿಗಳ ನಡುವಿನ ಸಂದಿ 10 ಸೆಂ.ಮೀ. ಮೀರಬಾರದು. ಅಡ್ಡಕಂಬಿ ನೋಡಲು ಚಂದ, ಆದರೆ ಮಕ್ಕಳಿಗೆ ಅದೇ ಏಣಿ. ಗಾಜು ಹಾಕುವುದಾದರೆ ಟಫನ್ ಮಾಡಿದ ಲ್ಯಾಮಿನೇಟೆಡ್ ಗಾಜೇ ಆಗಬೇಕು. ಕಡಲು ಪೂರ್ತಿ ಕಾಣುತ್ತದೆ, ನಿಜ. ವಾರದೊಳಗೆ ಉಪ್ಪಿನ ಪೊರೆಯೂ ಕಾಣುತ್ತದೆ.

ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ರೇಲಿಂಗ್ ತೊಳೆದು ಬಟ್ಟೆಯಲ್ಲಿ ಒರೆಸಿ. ಕಡಲಬದಿಯ ಕೆಲವು ಬೋರ್‌ವೆಲ್ ನೀರೇ ಉಪ್ಪು, ಅದರಲ್ಲಿ ತೊಳೆದು ಪ್ರಯೋಜನವಿಲ್ಲ. ಟೈಲ್ಸ್ ತೊಳೆಯುವ ಆಸಿಡ್ ಒಂದು ಹನಿಯೂ ಸ್ಟೀಲಿಗೆ ತಾಗಬಾರದು. ಕಬ್ಬಿಣದ ಬ್ರಷ್ಷೂ ಬೇಡ.

ಹೊರನೋಟ ಕೆಡುವುದು ಹೆಚ್ಚಾಗಿ ಒಬ್ಬೊಬ್ಬರು ಒಂದೊಂದು ಗ್ರಿಲ್, ಒಂದೊಂದು ಬಣ್ಣದ ಶೀಟ್ ಹಾಕುವುದರಿಂದ. ಅಸೋಸಿಯೇಷನ್ ಮೊದಲೇ ಒಂದು ಗ್ರಿಲ್ಲಿನ ನಮೂನೆ, ಒಂದು ಬಣ್ಣ ಗೊತ್ತುಮಾಡಲಿ. ಬಟ್ಟೆಯ ಹಗ್ಗ ರೇಲಿಂಗಿಗಿಂತ ಕೆಳಗಿರಲಿ. ಎಸಿಯ ನೀರನ್ನು ಪೈಪಿಗೇ ಸೇರಿಸಿ.

ಗಿಡಗಳಲ್ಲಿ ಕಣಗಿಲೆ, ಕಾಗದದ ಹೂ ಉಪ್ಪುಗಾಳಿಗೆ ಬಗ್ಗುವುದಿಲ್ಲ. ತುಳಸಿಯನ್ನು ಗೋಡೆಯ ಮರೆಗಿಡಿ. ಚಟ್ಟಿ ರೇಲಿಂಗಿನ ಮೇಲೆ ಬೇಡ. ಒಂದು ಘನ ಅಡಿ ಒದ್ದೆಮಣ್ಣು 50 ಕಿಲೋ ಹತ್ತಿರ ತೂಗುತ್ತದೆ, ಹಾಗಾಗಿ ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ಬೆರೆಸಿ, ಚಟ್ಟಿಗಳನ್ನು ಮನೆಗೋಡೆಯ ಕಡೆಗೆ ಸಾಲಾಗಿ ಜೋಡಿಸಿ.