ಲಂಡನ್ನಿನ ಹಳೇ ಗೋದಾಮಿನಲ್ಲಿ ಪೆಂಟ್‌ಹೌಸ್ ಕೊಳ್ಳುವ ಮುಂಚೆ ಏನೇನು ನೋಡಬೇಕು

ಟವರ್ ಬ್ರಿಡ್ಜ್ ದಾಟಿ ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಬಂದರೆ ಶಾಡ್ ಥೇಮ್ಸ್ ಅನ್ನೋ ಇಕ್ಕಟ್ಟು ಬೀದಿ ಸಿಗುತ್ತದೆ. ಎರಡೂ ಕಡೆ ಎತ್ತರದ ಇಟ್ಟಿಗೆ ಗೋದಾಮುಗಳು. ತಲೆಯ ಮೇಲೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಬ್ಬಿಣದ ಸೇತುವೆಗಳು. ಇಲ್ಲಿನ ಬಟ್ಲರ್ಸ್ ವಾರ್ಫ್ 1871ರಿಂದ 73ರ ನಡುವೆ ಕಟ್ಟಿದ್ದು. ಟೀ, ಕಾಫಿ, ಕಾಳು, ಮಸಾಲೆ ಎಲ್ಲ ಹಡಗಿನಿಂದ ಇಲ್ಲಿ ಇಳಿಯುತ್ತಿತ್ತು. 1972ರಲ್ಲಿ ಅದು ಮುಚ್ಚಿತು. 1980ರ ದಶಕದಲ್ಲಿ ಈ ಗೋದಾಮುಗಳು ಒಂದೊಂದಾಗಿ ಮನೆಗಳಾದವು. ಈಗ ಇಂಥ ಕಡೆ ತುತ್ತತುದಿಯ ಪೆಂಟ್‌ಹೌಸ್ ಮಾರಾಟಕ್ಕೆ ಬಂದರೆ ಬೆಲೆ ಮಿಲಿಯನ್ ಪೌಂಡ್ ದಾಟುವುದು ಮಾಮೂಲಿ.

ಕೊಳ್ಳುವವರ ಪರವಾಗಿ ಹಳೇ ಕಟ್ಟಡಗಳ ಸರ್ವೆ ಮಾಡುವುದು ನನ್ನ ಕೆಲಸ. ತಿಪಟೂರಿನ ಕೊಬ್ಬರಿ ಮಂಡಿಗಳ ನಡುವೆ ಬೆಳೆದವಳು ನಾನು. ಗೋದಾಮು ಅಂದರೆ ನನಗೆ ಪ್ರೀತಿ. ಇಲ್ಲಿ ನೆಲೆಸಿರುವ ನಮ್ಮವರು ಇಂಥ ಮನೆ ಬಗ್ಗೆ ವಿಚಾರಿಸಿದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮನೆ ತೋರಿಸುವ ಏಜೆಂಟ್ ಸೀದಾ ತಾರಸಿಗೆ ಕರೆದುಕೊಂಡು ಹೋಗುತ್ತಾರೆ. ಎದುರಿಗೆ ನದಿ, ಪಕ್ಕದಲ್ಲಿ ಸೇತುವೆ. ಅಲ್ಲೇ ಮನಸ್ಸು ಸೋತುಹೋಗುತ್ತದೆ. ಹೋಗಿ, ಆದರೆ ಮೊದಲು ಕಾಲಡಿ ನೋಡಿ. ಮೇಲ್ಮನೆಯ ಮುಖ್ಯ ಶತ್ರು ಮಳೆನೀರು. ತಾರಸಿಯ ನೀರು ಹೊರಹೋಗುವ ಕಿಂಡಿ ಎಲ್ಲಿದೆ, ಎಷ್ಟಿವೆ, ಎಲೆ ಕಸ ಕಟ್ಟಿಕೊಂಡಿದೆಯೇ ನೋಡಿ. ದೊಡ್ಡ ತಾರಸಿಗೆ ಒಂದೇ ಕಿಂಡಿ ಇದ್ದರೆ, ಅದು ಕಟ್ಟಿಕೊಂಡ ದಿನ ನೀರು ಬಾಗಿಲ ಕಡೆಗೇ ಬರುತ್ತದೆ. ನೆಲದ ವಾಟರ್‌ಪ್ರೂಫ್ ಪದರ ಗೋಡೆಯ ಬುಡದಲ್ಲಿ ಮಡಚಿ ಸುಮಾರು 150 ಮಿಲಿಮೀಟರ್ ಮೇಲಕ್ಕೆ ಹತ್ತಿರಬೇಕು. ಚೆಂದಕ್ಕೆ ಅಂತ ಮರದ ಹಲಗೆ ಹಾಸಿ ಆ ಎತ್ತರವನ್ನು ಮುಚ್ಚಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಹಲಗೆ ಎತ್ತಿಸಿ ನೋಡಿ. ಎತ್ತೋಕೆ ಆಗಲ್ಲ ಅಂದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಹಳೆಯದು ಎಲ್ಲಿ ಮುಗಿಯುತ್ತದೆ, ಹೊಸದು ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿ. ಎಷ್ಟೋ ಪೆಂಟ್‌ಹೌಸ್‌ಗಳು ಹಳೇ ಗೋದಾಮಿನ ಭಾಗವೇ ಅಲ್ಲ. ಮನೆಗಳಾಗಿ ಮಾಡುವಾಗ ಮೇಲೆ ಉಕ್ಕು, ಗಾಜು, ತಗಡಿನಲ್ಲಿ ಹೊಸದಾಗಿ ಸೇರಿಸಿದ ಮಹಡಿ ಅದು. ಹಳೇ ಇಟ್ಟಿಗೆಗೂ ಹೊಸ ಉಕ್ಕಿಗೂ ಸೇರುವ ಜಾಗದಲ್ಲೇ ತೇವ ಒಳಗೆ ಬರುವುದು ಜಾಸ್ತಿ. ಒಳಗೆ ನಿಂತು ಆ ಜಾಗದ ಛಾವಣಿ ಮೂಲೆ ನೋಡಿ. ಒಂದೇ ಕಡೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ.

ಇಟ್ಟಿಗೆಯನ್ನು ಹತ್ತಿರದಿಂದ ನೋಡದೆ ಬರಬೇಡಿ. ಆ ಕಾಲದ ಗೋಡೆಗಳಿಗೆ ಹಾಕಿದ್ದು ಸುಣ್ಣದ ಗಾರೆ. ಇಟ್ಟಿಗೆ ಕುಡಿದ ನೀರು ಆ ಗಾರೆಯ ಮೂಲಕ ಆರಿಹೋಗುತ್ತಿತ್ತು. ರಿಪೇರಿ ಮಾಡಿದವರು ಸಂದಿಗಳಿಗೆ ಗಟ್ಟಿ ಸಿಮೆಂಟ್ ತುಂಬಿದ್ದರೆ ನೀರು ಇಟ್ಟಿಗೆಯಲ್ಲೇ ಉಳಿಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಇಟ್ಟಿಗೆಯ ಮುಖ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ. ತಾರಸಿಯ ಅಂಚಿನ ಗಿಡ್ಡ ಗೋಡೆಗೆ (ಪ್ಯಾರಾಪೆಟ್) ಎರಡೂ ಕಡೆಯಿಂದ ಮಳೆ ಹೊಡೆಯುವುದರಿಂದ ಅಲ್ಲಿ ಇದು ಬೇಗ ಕಾಣುತ್ತದೆ. ಮರದ ತೊಲೆಗಳಿದ್ದರೆ ಅವು ಗೋಡೆಯೊಳಗೆ ಸೇರುವ ತುದಿಯನ್ನು ನೋಡಿ. ಕೊಳೆಯುವುದು ಅಲ್ಲೇ ಮೊದಲು. ಮನೆಯವರ ಒಪ್ಪಿಗೆ ಕೇಳಿ, ಬೀಗದ ಕೈಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋದರೆ ಮರ ಸತ್ತಿದೆ ಅಂತ ಅರ್ಥ.

ಸೆಕೆ ಬಗ್ಗೆ ನಮ್ಮವರು ಯೋಚನೆಯನ್ನೇ ಮಾಡುವುದಿಲ್ಲ. ಲಂಡನ್ನಿನಲ್ಲಿ ಎಂಥ ಸೆಕೆ ಅಂತೀರಾ? 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ 40.3 ಡಿಗ್ರಿ ದಾಖಲಾಯಿತು. ಪಶ್ಚಿಮಕ್ಕೆ ಪೂರ್ತಿ ಗಾಜು ಇರುವ ಮೇಲ್ಮನೆ ಅಂಥ ದಿನ ಸಂಜೆ ಕೂರಲಾಗದಷ್ಟು ಕಾಯುತ್ತದೆ. ಎಸಿ ಹಾಕಿಸಿದರಾಯ್ತು ಅಂದುಕೊಳ್ಳಬೇಡಿ. ಹೊರಗೆ ಅದರ ಯೂನಿಟ್ ಇಡೋಕೆ ಕಟ್ಟಡದ ಮಾಲೀಕರ ಅನುಮತಿ ಬೇಕಾಗುತ್ತದೆ. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವಾದರೆ ಕೌನ್ಸಿಲ್ ಅನುಮತಿಯೂ ಬೇಕು.

ಈ ಪಟ್ಟಿಯ ವಿಷಯ ಗಂಭೀರವಾದದ್ದು. ಲಿಸ್ಟೆಡ್ ಕಟ್ಟಡದ ಸ್ವರೂಪ ಬದಲಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಸರಿಪಡಿಸಿ ಅಂತ ನೋಟಿಸ್ ಕೊಡಲು ಕೌನ್ಸಿಲ್‌ಗೆ ಕಾಲಮಿತಿಯಿಲ್ಲ. ಹಿಂದಿನವರು ಅಟ್ಟ ಕಟ್ಟಿದ್ದರೂ ನೋಟಿಸ್ ಬರುವುದು ಈಗಿನ ಮಾಲೀಕರಿಗೆ. ಹಾಗಾಗಿ ಅಟ್ಟ, ಮೆಟ್ಟಿಲು, ಛಾವಣಿಯ ಕಿಟಕಿ ಪ್ರತಿಯೊಂದಕ್ಕೂ ಅನುಮತಿ ಪತ್ರ ಕೇಳಿ. ನಕ್ಷೆಯಲ್ಲಿ ಅಟ್ಟದ ಅಳತೆಯನ್ನೂ ನೋಡಿ. ಒಂದೂವರೆ ಮೀಟರ್‌ಗಿಂತ ತಗ್ಗಿರುವ ಜಾಗವನ್ನೂ ಒಟ್ಟು ಚದರಡಿಗೆ ಸೇರಿಸಿದ್ದರೆ, ತಲೆ ಎತ್ತಿ ನಿಲ್ಲಲಾಗದ ಜಾಗಕ್ಕೂ ನೀವು ಪೂರ್ತಿ ದುಡ್ಡು ಕೊಡುತ್ತೀರಿ.

ಇನ್ನು ಕಾಗದಪತ್ರ. ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡರೆ ಹೆಚ್ಚಾಗಿ ಸಿಗುವುದು ಲೀಸ್, ಅಂದರೆ ಇಷ್ಟು ವರ್ಷ ಅಂತ ಗೊತ್ತು ಮಾಡಿದ ದೀರ್ಘ ಗುತ್ತಿಗೆ. ಎಷ್ಟು ವರ್ಷ ಉಳಿದಿದೆ ನೋಡಿ. 80ಕ್ಕಿಂತ ಕಮ್ಮಿಯಾದರೆ ವಿಸ್ತರಿಸುವ ಖರ್ಚು ಏಕಾಏಕಿ ಏರುವ ಲೆಕ್ಕವೊಂದಿದೆ. ಅದನ್ನು ತೆಗೆಯುವ 2024ರ ಕಾಯ್ದೆ ಯಾವ ಹಂತದಲ್ಲಿದೆ ಅಂತ ವಕೀಲರನ್ನು ಕೇಳಿ. ಆಮೇಲೆ ಮುಖ್ಯ ಪ್ರಶ್ನೆ: ತಾರಸಿ ಮತ್ತು ಛಾವಣಿ ಲೀಸ್‌ನಲ್ಲಿ ಯಾರ ಪಾಲಿಗಿದೆ? ಸುಮ್ನೆ ಬಳಸಿಕೊಳ್ಳಿ ಅಂತ ಬಿಟ್ಟ ತಾರಸಿ ಬೇರೆ, ನಕ್ಷೆಯಲ್ಲಿ ನಿಮ್ಮ ಗೆರೆಯೊಳಗೆ ಬರುವ ತಾರಸಿ ಬೇರೆ. ಛಾವಣಿ ನಿಮ್ಮದೇ ಆಗಿದ್ದರೆ ಅದರ ರಿಪೇರಿಯೂ ನಿಮ್ಮ ತಲೆಗೇ ಬರಬಹುದು. ಎಲ್ಲರದ್ದಾಗಿದ್ದರೆ ಖರ್ಚು ಹಂಚಿಕೆಯಾಗುತ್ತದೆ, ದೊಡ್ಡ ಮನೆಗೆ ದೊಡ್ಡ ಪಾಲು. ಕಳೆದ ಮೂರು ವರ್ಷದ ಸರ್ವಿಸ್ ಚಾರ್ಜ್ ಲೆಕ್ಕ ತರಿಸಿ. ಒಬ್ಬೊಬ್ಬರಿಗೆ 250 ಪೌಂಡ್‌ಗಿಂತ ಹೆಚ್ಚು ಬೀಳುವ ಕೆಲಸಕ್ಕೆ ಕಟ್ಟಡದ ಮಾಲೀಕರು ಮೊದಲೇ ನೋಟಿಸ್ ಕೊಟ್ಟು ಅಭಿಪ್ರಾಯ ಕೇಳಬೇಕು. ಅಂಥ ನೋಟಿಸ್ ಬಂದಿದೆಯೇ ವಿಚಾರಿಸಿ.

ಕಟ್ಟಡ ಕನಿಷ್ಠ 11 ಮೀಟರ್ ಎತ್ತರ ಅಥವಾ ಕನಿಷ್ಠ ಐದು ಮಹಡಿ ಇದ್ದರೆ, ಬೆಂಕಿ ಸುರಕ್ಷತೆಯಂಥ ದೋಷ ಸರಿಪಡಿಸುವ ಖರ್ಚಿನಿಂದ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಕೊಡುವ ರಕ್ಷಣೆ ಈ ಲೀಸ್‌ಗೆ ಸಿಗುತ್ತದೆಯೇ ಅಂತಲೂ ಕೇಳಿ. ಅದಕ್ಕೆ ಮಾರುವವರು ಕೊಡುವ ಪ್ರಮಾಣಪತ್ರ ಬೇಕು. ಅದಿಲ್ಲದೆ ಎಷ್ಟೋ ಬ್ಯಾಂಕುಗಳು ಸಾಲದ ಮಾತೇ ಆಡುವುದಿಲ್ಲ.

ತೆರಿಗೆಯಲ್ಲಿ ನಮ್ಮವರಿಗೆ ಬೀಳುವ ಪೆಟ್ಟು ಬೇರೆಯೇ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ 15 ಲಕ್ಷ ಪೌಂಡ್ ಮನೆಗೆ ಸ್ಟಾಂಪ್ ಡ್ಯೂಟಿ 93,750 ಪೌಂಡ್. ನಿಮಗೆ ಬೇರೆ ಮನೆ ಇದ್ದರೆ ಮೇಲೆ ಶೇಕಡಾ 5, ಅಂದರೆ ಇನ್ನೂ 75,000. ಮೈಸೂರಿನಲ್ಲಿ ನಿಮ್ಮ ಹೆಸರಲ್ಲಿರುವ ಮನೆಯೂ ಲೆಕ್ಕಕ್ಕೆ ಬರುತ್ತದೆ. ಗಂಡನ ಹೆಸರಲ್ಲಿದ್ದು ಹೆಂಡತಿ ಕೊಂಡರೂ ಅಷ್ಟೇ. ಖಾಲಿ ಸೈಟ್ ಲೆಕ್ಕಕ್ಕಿಲ್ಲ. ಈಗ ವಾಸವಿರುವ ಸ್ವಂತ ಮನೆ ಮಾರಿ ಅದರ ಬದಲು ಇದನ್ನು ಕೊಳ್ಳುವವರಿಗೆ ವಿನಾಯಿತಿ ಇದೆ. ಊರಿನ ಮನೆಯ ವಿಷಯ ವಕೀಲರಿಗೆ ಮೊದಲೇ ಹೇಳಿಬಿಡಿ.

ಇಷ್ಟಾದ ಮೇಲೂ ಇಷ್ಟವಾದರೆ ಮಳೆ ಬರುವ ದಿನ ಇನ್ನೊಮ್ಮೆ ಹೋಗಿ. ಕೆಳಗೆ ಕೂರುವ ಪೋರ್ಟರ್ ಹತ್ತಿರ ಲಿಫ್ಟ್ ಎಷ್ಟು ಸಲ ಕೆಡುತ್ತದೆ ಅಂತ ಮಾತಿಗೆಳೆಯಿರಿ. ಬ್ಯಾಂಕ್ ಮಾಡಿಸುವ ವ್ಯಾಲ್ಯುಯೇಷನ್ ಸಾಲದು, ಕಟ್ಟಡವನ್ನು ಎಲ್ಲಕ್ಕಿಂತ ವಿವರವಾಗಿ ಪರೀಕ್ಷಿಸುವ ಲೆವೆಲ್ 3 ಸರ್ವೆಯನ್ನು ನೀವೇ ಮಾಡಿಸಿ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗುವವರೆಗೆ, ಅಂದರೆ ಸಹಿಯಾದ ಕರಾರುಪತ್ರ ಎರಡೂ ಕಡೆಯವರು ಬದಲಾಯಿಸಿಕೊಳ್ಳುವವರೆಗೆ, ನಿಮ್ಮ ಆಫರ್ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ವರದಿಯಲ್ಲಿ ಛಾವಣಿ ರಿಪೇರಿ ಕಂಡರೆ ಅಷ್ಟು ಹಣ ಇಳಿಸಿ ಅಂತ ಕೇಳಿ. ಒಪ್ಪದಿದ್ದರೆ ಬೇಡ ಅನ್ನಿ.