ವಿಚ್ಛೇದನದ ರಾಜಿಪತ್ರದಲ್ಲಿ ಆಸ್ತಿ ಬರೆಯುವುದು ಹೇಗೆ?

ಪರಸ್ಪರ ಒಪ್ಪಿಗೆಯಿಂದ ಬೇರೆಯಾದವರು ಕಾಸರಗೋಡಿನ ಕುಟುಂಬ ನ್ಯಾಯಾಲಯದ ಡಿಕ್ರಿ (ಅಂತಿಮ ಆದೇಶ) ಹಿಡಿದು ವಿಲ್ಲೇಜ್ ಕಚೇರಿಗೆ ಹೋಗಿ ಬರಿಗೈಯಲ್ಲಿ ಮರಳುವುದನ್ನು ನೋಡಿ ನೋಡಿ ಸಾಕಾಗಿದೆ. 'ಬದಿಯಡ್ಕದ ಮನೆ ಹೆಂಡತಿಗೆ' ಎಂಬ ಒಂದು ಸಾಲಿನಿಂದ ಜಾಗ ಯಾರ ಹೆಸರಿಗೂ ಹೋಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರು ಮಾಡಬೇಕಾದದ್ದು ಇಷ್ಟು.

ಮೊದಲು, ಯಾವುದು ಯಾರದೆಂದು ಗುರುತಿಸಿ. ಮದುವೆಯ ನಂತರ ಗಳಿಸಿದ್ದೆಲ್ಲ ಅರ್ಧರ್ಧ ಎಂಬ ಕಾನೂನು ನಮ್ಮಲ್ಲಿಲ್ಲ. ಆಧಾರದಲ್ಲಿ, ಅಂದರೆ ಜಾಗದ ನೋಂದಾಯಿತ ಪತ್ರದಲ್ಲಿ, ಯಾರ ಹೆಸರಿದೆ, ಹಣ ಯಾರು ಕೊಟ್ಟರು ಎಂಬುದೇ ಮುಖ್ಯ. ಗಂಡನ ತರವಾಡಿನಲ್ಲಿ (ಹಿರಿಯರ ಕುಟುಂಬದ ಆಸ್ತಿಯಲ್ಲಿ) ಹೆಂಡತಿಗೆ ಪಾಲಿಲ್ಲ. ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಹಿಂದೂ ಕೂಡುಕುಟುಂಬ ವ್ಯವಸ್ಥೆಯೇ ರದ್ದಾಗಿರುವುದರಿಂದ ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಮನೆಯಲ್ಲಿಯೂ ಅವನ ಪಾಲು ಅವನದೇ. ಜೀವನಾಂಶದ ಮಾತು ಬೇರೆ. ಅದನ್ನು ಪ್ರತ್ಯೇಕವಾಗಿ ಬರೆಯಿರಿ.

ಚಿನ್ನದ ಪಟ್ಟಿಯನ್ನು ಪವನ್ (ಎಂಟು ಗ್ರಾಂ) ಲೆಕ್ಕದಲ್ಲಿ ಮಾಡಿ. ಮದುವೆಯ ಫೋಟೊ, ಅಂಗಡಿಯ ಬಿಲ್ಲು, ಲಾಕರಿನ ದಾಖಲೆ ಜೊತೆಗಿರಲಿ. ಸ್ತ್ರೀಧನ ಹೆಂಡತಿಯ ಸ್ವಂತದ್ದು. ಕೇರಳದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ 89 ಪವನ್ ಚಿನ್ನಕ್ಕಾಗಿ 25 ಲಕ್ಷ ರೂಪಾಯಿ ಕೊಡಿಸಿತು. 'ಚಿನ್ನದ ವಿಷಯ ಇತ್ಯರ್ಥವಾಗಿದೆ' ಎಂದು ಬರೆದು ಮುಗಿಸುವವರೇ ಆಮೇಲೆ ಅಳುವುದು.

ಇನ್ನು ಜಾಗ. ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ ಸಿಗುವ ಅಚ್ಚಾದ ರಾಜಿಪತ್ರಗಳನ್ನು ದಯವಿಟ್ಟು ಕೊಳ್ಳಬೇಡಿ. ಕನ್ನಡದಲ್ಲಿ ಬರುವವು ಬಹುತೇಕ ಕರ್ನಾಟಕದವು. ಪಹಣಿ, ಖಾತೆ ಎಂದು ಖಾಲಿ ಜಾಗ ಬಿಟ್ಟಿರುತ್ತಾರೆ. ನಮಗೆ ಬೇಕಾದದ್ದು ತಂಡಪ್ಪೇರು ಸಂಖ್ಯೆ (ವಿಲ್ಲೇಜ್ ಕಚೇರಿಯಲ್ಲಿ ಜಾಗದ ಒಡೆಯನ ಹೆಸರಿಗಿರುವ ಲೆಕ್ಕದ ಸಂಖ್ಯೆ), ತಾಲ್ಲೂಕು, ವಿಲ್ಲೇಜ್, ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ಎಲ್ಲೆ, ಮೂಲ ಆಧಾರದ ನಂಬರು ಮತ್ತು ವರ್ಷ. ಡಿಜಿಟಲ್ ಸರ್ವೆ ಆಗಿರುವ ಕಡೆ ಹಳೆಯ ನಂಬರು, ಹೊಸ ನಂಬರು ಎರಡನ್ನೂ ಬರೆಯಿರಿ. ವಿಸ್ತೀರ್ಣದಲ್ಲಿ ವ್ಯತ್ಯಾಸ ಕಂಡರೆ ಸಹಿಗೆ ಮೊದಲೇ ಸರಿಪಡಿಸಿಕೊಳ್ಳಿ. ತೀರುವೆ (ಭೂಕಂದಾಯ) ರಶೀದಿಯನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಬಾಧ್ಯತಾ ಪ್ರಮಾಣಪತ್ರ ತೆಗೆಸಿ. ಅಡಿಕೆ ತೋಟದ ಮೇಲೆ ಯಾವುದೋ ಕಾಲದ ಅಡಮಾನ ಉಳಿದಿರಬಹುದು.

ಜಾಗದ ಈ ವಿವರಪಟ್ಟಿ, ಅಂದರೆ ಅನುಸೂಚಿ, ವಿಚ್ಛೇದನದ ಅರ್ಜಿಯಲ್ಲೇ ಇರಬೇಕು, ಬರೀ ರಾಜಿಪತ್ರದಲ್ಲಿದ್ದರೆ ಸಾಲದು. ಪ್ರಕರಣದ ವಿಷಯವಲ್ಲದ ಸ್ಥಿರಾಸ್ತಿ ರಾಜಿ ಡಿಕ್ರಿಯೊಳಗೆ ಬಂದರೆ, ನೋಂದಣಿ ಕಾಯ್ದೆಯ 17ನೇ ಕಲಂನ ಪ್ರಕಾರ ಆ ಡಿಕ್ರಿಯನ್ನೇ ನೋಂದಾಯಿಸಬೇಕಾಗುತ್ತದೆ. ವಿಷಯವಾಗಿದ್ದರೂ, ಹೊಸದಾಗಿ ಹಕ್ಕು ಹುಟ್ಟಿಸುವ ಡಿಕ್ರಿಗೆ ನೋಂದಣಿ ಬೇಕೆಂಬ ತಕರಾರು ಏಳುತ್ತದೆ. ಆದ್ದರಿಂದ ಡಿಕ್ರಿಯೊಂದನ್ನೇ ನಂಬದೆ ಆಧಾರವನ್ನೂ ಮಾಡಿಸಿಬಿಡಿ. ಜಂಟಿ ಹೆಸರಿದ್ದರೆ ಹಕ್ಕು ಬಿಡುಗಡೆ, ಒಬ್ಬರದೇ ಹೆಸರಿದ್ದರೆ ದಾನಪತ್ರ. ಗಂಡ-ಹೆಂಡತಿಯಾಗಿರುವಾಗಲೇ ಮಾಡಿದರೆ ಕುಟುಂಬದವರಿಗಿರುವ ಮುದ್ರಾಂಕ ರಿಯಾಯಿತಿ ಸಿಗುತ್ತದೆ. ಬೇರೆಯಾದ ಮೇಲೆ ನೀವು ಕುಟುಂಬವಲ್ಲ. ಎಷ್ಟು ಉಳಿಯುತ್ತದೆ ಎಂದು ಆಧಾರ ಬರೆಯುವವರನ್ನು ಮೊದಲೇ ಕೇಳಿ.

ಸಾಲ ಬ್ಯಾಂಕಿಗೆ ಬಿಟ್ಟದ್ದು. ನಿಮ್ಮಿಬ್ಬರ ರಾಜಿ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಜಂಟಿ ಸಾಲಗಾರ ಹೊರಬರಲಾರ.

ಗಲ್ಫಿನಲ್ಲಿರುವವರು ಮುಕ್ತ್ಯಾರುನಾಮೆಯನ್ನು (ಪವರ್ ಆಫ್ ಅಟಾರ್ನಿ) ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಊರಿಗೆ ತಲಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕವಾಗಬೇಕು.

ಹಣ ಕೊಡುವುದನ್ನು ಎರಡು ಕಂತು ಮಾಡಿ. ಒಂದು ವರ್ಷ ಬೇರೆ ವಾಸಿಸಿದ ಮೇಲೆ ಜಂಟಿ ಅರ್ಜಿ. ಅಲ್ಲಿಂದ ಆರು ತಿಂಗಳ ನಂತರ, 18 ತಿಂಗಳೊಳಗೆ ನ್ಯಾಯಾಲಯದಲ್ಲಿ ಇಬ್ಬರ ಎರಡನೇ ಹೇಳಿಕೆ. ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆಯಬಹುದು. ಅದಕ್ಕೇ ಕೊನೆಯ ಕಂತಿನ ಡಿಡಿ ಮತ್ತು ಆಧಾರದ ನೋಂದಣಿ ಎರಡನೇ ಹೇಳಿಕೆಯ ವಾರಕ್ಕೆ ಇರಲಿ, ಅದಕ್ಕಿಂತ ಮೊದಲು ಬೇಡ. ಪೋಷಣೆಯ ಖರ್ಚು ಪಡೆಯುವ ಮಕ್ಕಳ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆಂದು ತಾಯಿ ಬರೆದುಕೊಟ್ಟರೂ ಅದು ಹೋಗುವುದಿಲ್ಲ. ಆ ಸಾಲನ್ನು ಸೇರಿಸುವ ವಕೀಲರಿದ್ದರೆ ಬೇರೆಯವರನ್ನು ನೋಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಡಿಕ್ರಿ ಕೈಗೆ ಬಂದ ಮೇಲೆ ದೃಢೀಕೃತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ಆಧಾರದೊಂದಿಗೆ ಪೋಕ್ಕುವರವಿಗೆ (ದಾಖಲೆಯಲ್ಲಿ ಹೆಸರು ಬದಲಾವಣೆಗೆ) ಅರ್ಜಿ ಹಾಕಿ, ಹೊಸ ಹೆಸರಿನಲ್ಲಿ ತೀರುವೆ ಕಟ್ಟಿ ರಶೀದಿ ಪಡೆಯಿರಿ.