ಹೊಗೆಸೊಪ್ಪಿನ ನಿಕೋಟಿನ್‌ಗೆ ಬ್ಯುರೆಟ್ಟೇ ಸಾಕು: ನನ್ನ ಅನುಭವ

ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇಲ್ಲದೆ ನಿಕೋಟಿನ್ ಅಳೆಯಲಿಕ್ಕಾಗುವುದಿಲ್ಲ ಎಂದವರೇ ಈಗ ಸ್ಯಾಂಪಲ್ ಕಳಿಸುತ್ತಿದ್ದಾರೆ. ಮಂಗಳೂರಿನ ಬಂದರಿನಲ್ಲಿ ಸಿಗುವ ಜಗಿಯುವ ಸೊಪ್ಪು, ನಿಪ್ಪಾಣಿಯ ಬೀಡಿ ಪುಡಿ, ಹುಣಸೂರಿನ ವರ್ಜೀನಿಯಾ ಎಲೆ, ಮೂರನ್ನೂ ಟೈಟ್ರೇಶನ್‌ನಲ್ಲೇ ಅಳೆದೆ, ಅಂದರೆ ಬ್ಯುರೆಟ್ ಎಂಬ ಅಳತೆ ಗೆರೆಯ ಕೊಳವೆಯಿಂದ ಆಮ್ಲ ಹನಿಸಿ, ಬಣ್ಣ ತಿರುಗುವವರೆಗೆ ಎಷ್ಟು ಹಿಡಿಯಿತೆಂದು ನೋಡಿ. ಹೊರಗಿನ ಲ್ಯಾಬ್ ಸ್ಯಾಂಪಲ್‌ಗೆ ಎರಡು ಸಾವಿರದ ಮೇಲೆ ಕೇಳುತ್ತದೆ. ನನಗೆ ಬಿದ್ದದ್ದು ಇನ್ನೂರರೊಳಗೆ, ಅದರಲ್ಲೂ ಹೆಚ್ಚಿನ ಪಾಲು ದ್ರಾವಕಕ್ಕೇ.

ಪುಡಿ 2 ಗ್ರಾಂ. ದುರ್ಬಲ ಅಸಿಟಿಕ್ ಆಮ್ಲದಲ್ಲಿ ನೆನೆಸಿ, 9:1ರ ಟಾಲೀನ್-ಕ್ಲೋರೋಫಾರ್ಮ್ 100 ಮಿ.ಲೀ. ಹಾಕಿ, ಕೊನೆಗೆ ದಪ್ಪ ಕಾಸ್ಟಿಕ್ ಸೋಡಾ ದ್ರಾವಣ 10 ಮಿ.ಲೀ. ಇಪ್ಪತ್ತು ನಿಮಿಷ ಕುಲುಕಬೇಕು, ಆಗ ನಿಕೋಟಿನ್ ದ್ರಾವಕಕ್ಕೆ ಬರುತ್ತದೆ. ಕ್ಲೋರೋಫಾರ್ಮ್ ಒಂದನ್ನೇ ಬಳಸಿದರೆ ಗಂಜಿಯಂಥ ನೊರೆ ನಿಂತು ಪದರ ಬೇರಾಗುವುದೇ ಇಲ್ಲ, ಇಡೀ ಬಾಟಲಿ ಚರಂಡಿಗೆ. ಸೆಲೈಟ್‌ನಲ್ಲಿ (ಸೋಸಲು ಬಳಸುವ ಮಣ್ಣಿನಂಥ ಪುಡಿ) ಸೋಸಿ. ಅದರ ಜೊತೆ ನಾನು ಹಾಕುವ ಇನ್ನೊಂದು ಚಿಟಿಕೆ ಪುಡಿಯ ಹೆಸರು ಸದ್ಯಕ್ಕೆ ನನ್ನಲ್ಲೇ ಇರಲಿ.

ಸೋಸಿದ್ದರಲ್ಲಿ 25 ಮಿ.ಲೀ. (ಅರ್ಧ ಗ್ರಾಂ ಪುಡಿಯ ಪಾಲು) ತೆಗೆದು ನೇರ ಟೈಟ್ರೇಟ್ ಮಾಡಿದರೆ ಅಂಕಿ ಉಬ್ಬುತ್ತದೆ. ಎಲ್ಲರೂ ಈ ವಿಧಾನವನ್ನು ಬೈಯುವುದು ಇಲ್ಲೇ. ಹದ ಹಾಕಿದ ಸೊಪ್ಪಿನಲ್ಲಿ ಅಮೋನಿಯಾ ಇರುತ್ತದೆ, ಅದೂ ನಿಕೋಟಿನ್‌ನಂತೆ ಆಮ್ಲ ಹಿಡಿಯುವ ಪ್ರತ್ಯಾಮ್ಲವೇ, ನಿಕೋಟಿನ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೀನಿನ ತೊಟ್ಟಿಯ ಪಂಪಿನಿಂದ ಐದು ನಿಮಿಷ ಗಾಳಿ ಊದಿದರೆ ಅಮೋನಿಯಾ ಹೋಗುತ್ತದೆ, ನಿಕೋಟಿನ್ ಉಳಿಯುತ್ತದೆ. ಪಂಪಿಗೆ ಮುನ್ನೂರು ರೂಪಾಯಿಯೇನೋ ಕೊಟ್ಟ ನೆನಪು.

ಆಮೇಲೆ ಬ್ಯುರೆಟ್ಟಿನಲ್ಲಿ ಅಸಿಟಿಕ್ ಆಮ್ಲದಲ್ಲಿ ತೆಳು ಮಾಡಿದ 0.025 ನಾರ್ಮಲ್ ಪರ್ಕ್ಲೋರಿಕ್ ಆಮ್ಲ, ಬಣ್ಣ ತೋರಿಸಲು ಕ್ರಿಸ್ಟಲ್ ವಯಲೆಟ್ ಎರಡು ಹನಿ. ನೇರಳೆ ನೀಲಿಯಾಗಿ, ಹಸಿರು ಇಣುಕಿದ ಕೂಡಲೇ ನಿಲ್ಲಿಸಿ. ಹಳದಿಯಾದರೆ ದಾಟಿತು ಎಂದೇ ಅರ್ಥ. ಹಿಡಿದ ಆಮ್ಲದ 1 ಮಿ.ಲೀ.ಗೆ 2.03 ಮಿ.ಗ್ರಾಂ. ನಿಕೋಟಿನ್. ವರ್ಜೀನಿಯಾಕ್ಕೆ 5 ಮಿ.ಲೀ. ಆಸುಪಾಸು ಹಿಡಿಯಿತು, ಅಂದರೆ ಶೇ. 2. ಜಗಿಯುವ ಸೊಪ್ಪಿಗೆ ದುಪ್ಪಟ್ಟು.

ನಮ್ಮ ಕರಾವಳಿಯ ಮಳೆಗಾಲಕ್ಕೆ ಬೇರೆಯೇ ಲೆಕ್ಕ. ಅಸಿಟಿಕ್ ಆಮ್ಲ ನೀರು ಎಳೆದುಕೊಂಡರೆ ಬಣ್ಣ ತಿರುಗುವ ಜಾಗವೇ ಮಸುಕು. ಆ ನೀರನ್ನು ತೆಗೆಯಲು ಅಸಿಟಿಕ್ ಅನ್‌ಹೈಡ್ರೈಡ್ ಬೇಕೇ ಬೇಕು. ಆದರೆ ಅದನ್ನು ನೇರ ಪರ್ಕ್ಲೋರಿಕ್‌ಗೆ ಸುರಿಯಬೇಡಿ, ಅಪಾಯ. ಮೊದಲು ಪರ್ಕ್ಲೋರಿಕ್ಕನ್ನು ಅಸಿಟಿಕ್‌ನಲ್ಲಿ ತೆಳು ಮಾಡಿ, ತಣ್ಣಗಿರುವಾಗ ಸ್ವಲ್ಪ ಸ್ವಲ್ಪವೇ ಸೇರಿಸಿ. ಬೆಳಿಗ್ಗೆ ಥ್ಯಾಲೇಟ್ ಲವಣದಿಂದ ಸ್ಟ್ಯಾಂಡರ್ಡೈಸ್ ಮಾಡಿದ (ನಿಖರ ಬಲ ಗೊತ್ತುಮಾಡಿದ) ಪರ್ಕ್ಲೋರಿಕ್ಕನ್ನು ಮಧ್ಯಾಹ್ನದ ಸೆಕೆಯಲ್ಲಿ ನಂಬಬೇಡಿ, ಅಸಿಟಿಕ್ ಬಹಳ ಹಿಗ್ಗುತ್ತದೆ. ಪುಡಿಯೂ ತೇವ ಎಳೆಯುತ್ತದೆ, ತೂಗಿದ ದಿನವೇ ತೇವಾಂಶ ನೋಡಿ. ಒಣಗಿಸುವಾಗ ಬಿಸಿ ಜೋರಾದರೆ ನಿಕೋಟಿನ್ನೇ ಹಾರುತ್ತದೆ. ನಾನು 60 ಡಿಗ್ರಿ ದಾಟಿಸುವುದಿಲ್ಲ.

ಸೋಸಿ ಉಳಿದ ದ್ರಾವಕವನ್ನು ಚೆಲ್ಲಲಿಲ್ಲ. ಇನ್ನೊಂದು 25 ಮಿ.ಲೀ.ಗೆ ಅನ್‌ಹೈಡ್ರೈಡ್ ಹಾಕಿಟ್ಟು ಟೈಟ್ರೇಟ್ ಮಾಡಿದರೆ ಆಮ್ಲ ಕಡಿಮೆ ಹಿಡಿಯುತ್ತದೆ. ಆ ವ್ಯತ್ಯಾಸದಿಂದ ನಾರ್‌ನಿಕೋಟಿನ್ (ನಿಕೋಟಿನ್‌ನ ಹತ್ತಿರದ ಸಂಬಂಧಿ) ಎಷ್ಟಿದೆಯೆಂದು ತಿಳಿಯುತ್ತದೆ. ಎಲೆಯಲ್ಲಿ ಬೇರೆ ಏನಿದೆಯೆಂದು ನೋಡಲು ಅದೇ ವರ್ಜೀನಿಯಾದ ಮೆಥನಾಲ್ ಸಾರವನ್ನು ಸಿಲಿಕಾ ಲೇಪಿಸಿದ ಪ್ಲೇಟಿನಲ್ಲಿ ಓಡಿಸಿ 366 ನ್ಯಾನೊಮೀಟರ್‌ನ ನೇರಳಾತೀತ ದೀಪ ಹಿಡಿದಾಗ ಕ್ಲೋರೋಜೆನಿಕ್ ಆಮ್ಲ ನೀಲಿಯಾಗಿ ಹೊಳೆಯಿತು. ಎಲೆಯಲ್ಲಿರುವ ಇನ್ನೊಂದು ವಸ್ತು ರುಟಿನ್ ಕಾಣಲು ಅಲ್ಯೂಮಿನಿಯಂ ಕ್ಲೋರೈಡ್ ಸಿಂಪಡಿಸಬೇಕಾಯಿತು, ಆಗ ಹಳದಿ. ಬೀಡಿ ಪುಡಿಯಲ್ಲಿ ಎರಡೂ ಮಂಕು.